ಹದಿಹರೆಯದ ಮಗಳ ರಕ್ತಹೀನತೆ ಮತ್ತು ನಮ್ಮ ಊಟದ ತಟ್ಟೆ

ನನ್ನ ಮಗಳಿಗೆ ಹದಿನಾಲ್ಕು ತುಂಬಿದ ಕೆಲವೇ ತಿಂಗಳಲ್ಲಿ ಅವಳ ಹಿಮೋಗ್ಲೋಬಿನ್ ಡೆಸಿಲೀಟರಿಗೆ 9.1 ಗ್ರಾಂ ಮಾತ್ರ ಇದೆ ಎಂದು ರಕ್ತಪರೀಕ್ಷೆಯ ವರದಿ ಬಂತು. ಅದಕ್ಕೂ ಮುಂಚಿನ ಅರ್ಧ ವರ್ಷದಿಂದ ಅವಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು, ಪುಸ್ತಕ ತೆರೆದ ಹತ್ತು ನಿಮಿಷಕ್ಕೆ ತೂಕಡಿಸುತ್ತಿದ್ದಳು, ಸಂಜೆಯಾದರೆ ತಲೆನೋವೆಂದು ಮಲಗಿಬಿಡುತ್ತಿದ್ದಳು. ಫ್ರಿಜ್ಜಿನಿಂದ ಮಂಜುಗಡ್ಡೆಯ ತುಂಡುಗಳನ್ನು ತೆಗೆದು ಕರಕರನೆ ಅಗಿಯುವ ಹೊಸ ಅಭ್ಯಾಸವೂ ಶುರುವಾಗಿತ್ತು. ಇದನ್ನೆಲ್ಲ ನಾನು ವಯಸ್ಸಿನ ಸ್ವಭಾವವೆಂದುಕೊಂಡೆ. ಸೋಮಾರಿತನವೆಂದು ಗದರಿದ್ದೂ ಉಂಟು. ಮಂಜುಗಡ್ಡೆ, ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿಯಂತಹ ವಸ್ತುಗಳನ್ನು ತಿನ್ನಬೇಕೆಂಬ ತಡೆಯಲಾಗದ ಬಯಕೆ ಕಬ್ಬಿಣಾಂಶದ ಕೊರತೆಯ ಜೊತೆಗೆ ಬರುವ ಲಕ್ಷಣವಾಗಿರಬಹುದು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಆರು ತಿಂಗಳು ಅವಳು ಬೈಗುಳ ಕೇಳಬೇಕಾಗಿರಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ವರದಿ ಬಂದ ಮೇಲೆ ನಾನು ಮಾಡಿದ್ದು ಇನ್ನೊಂದು ತಪ್ಪು. ವೈದ್ಯರು ಬರೆದುಕೊಟ್ಟ ಮಾತ್ರೆಗಳಿಂದ ಎರಡೇ ದಿನದಲ್ಲಿ ಮಗಳಿಗೆ ಹೊಟ್ಟೆ ತೊಳಸಿದಂತಾಯಿತು. ನಾನು ಅವನ್ನು ನಿಲ್ಲಿಸಿ, ಆಹಾರದಿಂದಲೇ ಸರಿಪಡಿಸುತ್ತೇನೆಂದು ನಿಶ್ಚಯಿಸಿದೆ. ಮೂರು ತಿಂಗಳು ದಿನವೂ ಬೀಟ್‌ರೂಟ್ ರಸ, ದಾಳಿಂಬೆ, ಎರಡು ಖರ್ಜೂರ. ಒಂದು ದಿನವೂ ತಪ್ಪಿಸದೆ ಕೊಟ್ಟೆ. ಮತ್ತೆ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.3. ವೈದ್ಯರು ಗದರಲಿಲ್ಲ; ಕಾಗದ ಪೆನ್ನು ಹಿಡಿದು ಅರ್ಧ ಗಂಟೆ ಲೆಕ್ಕ ಮಾಡಿ ತೋರಿಸಿದರು. ಅಂದಿನಿಂದ ಒಂದು ವರ್ಷ ನಾನು ಓದಿದ್ದು, ಕೇಳಿ ತಿಳಿದದ್ದು, ನಮ್ಮ ಅಡುಗೆಮನೆಯಲ್ಲಿ ಮಾಡಿ ನೋಡಿದ್ದು ಇಷ್ಟನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಾನು ವೈದ್ಯಳಲ್ಲ, ಮಾತ್ರೆಯ ಪ್ರಮಾಣವನ್ನು ನಿರ್ಧರಿಸುವ ಕೆಲಸ ವೈದ್ಯರದೇ. ಆದರೆ ತಟ್ಟೆಯಲ್ಲಿ ಏನಿರಬೇಕು, ಯಾವುದರ ಜೊತೆ ಯಾವುದು ಇರಬಾರದು ಎಂಬುದನ್ನು ಮನೆಯವರೇ ನೋಡಿಕೊಳ್ಳಬೇಕು, ಮತ್ತು ಅಲ್ಲಿಯೇ ನಾವು ಹೆಚ್ಚು ಎಡವುತ್ತೇವೆ.

ಮೊದಲು ಆ ಕೆಂಪು ಬಣ್ಣದ ವಿಚಾರ. ರಕ್ತ ಕೆಂಪಗಿದೆ, ಬೀಟ್‌ರೂಟ್ ಕೆಂಪಗಿದೆ, ಆದ್ದರಿಂದ ಅದು ರಕ್ತವನ್ನು ಹೆಚ್ಚಿಸುತ್ತದೆ ಎಂಬ ನಂಬಿಕೆ ಕೇಳಲು ಸಹಜವಾಗಿದೆ, ಆದರೆ ಬಣ್ಣಕ್ಕೂ ಕಬ್ಬಿಣಾಂಶಕ್ಕೂ ಸಂಬಂಧವಿಲ್ಲ. ಬೇಯಿಸಿದ ಬೀಟ್‌ರೂಟ್ 100 ಗ್ರಾಂನಲ್ಲಿ ಇರುವುದು ಸುಮಾರು 0.8 ಮಿಲಿಗ್ರಾಂ ಕಬ್ಬಿಣಾಂಶ. ಅಷ್ಟೇ ತೂಕದ ದಾಳಿಂಬೆಯಲ್ಲಿ ಸುಮಾರು 0.3 ಮಿಲಿಗ್ರಾಂ, ಸೇಬಿನಲ್ಲಿ 0.1 ಮಿಲಿಗ್ರಾಂ. ಖರ್ಜೂರದಲ್ಲಿಯೂ 100 ಗ್ರಾಂಗೆ ಒಂದು ಮಿಲಿಗ್ರಾಂನ ಆಸುಪಾಸು. ನಾನು ಕೊಡುತ್ತಿದ್ದ ಎರಡು ಹಣ್ಣುಗಳಿಂದ ಅವಳಿಗೆ ಸಿಕ್ಕಿದ್ದು ನಗಣ್ಯ. ಇವುಗಳ ಪಕ್ಕದಲ್ಲಿ ಬಣ್ಣವೇ ಇಲ್ಲದಂತೆ ಕಾಣುವ ಬೇಯಿಸಿದ ಕಡಲೆಕಾಳಿನಲ್ಲಿ 100 ಗ್ರಾಂಗೆ ಸುಮಾರು 2.9 ಮಿಲಿಗ್ರಾಂ, ಬೇಯಿಸಿದ ಮಸೂರದಲ್ಲಿ 3.3 ಮಿಲಿಗ್ರಾಂ, ಒಣಗಿದ ಕುಂಬಳ ಬೀಜದಲ್ಲಿ 8 ಮಿಲಿಗ್ರಾಂಗೂ ಹೆಚ್ಚು, ಎಳ್ಳಿನಲ್ಲಿ 14 ಮಿಲಿಗ್ರಾಂಗೂ ಹೆಚ್ಚು ಇದೆ. ಬೀಟ್‌ರೂಟ್ ಕೆಟ್ಟ ತರಕಾರಿ ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ಫೋಲೇಟ್ ಎಂಬ ಜೀವಸತ್ವ ಇದೆ, ನಾರಿದೆ. ಆದರೆ ರಕ್ತಹೀನತೆಗೆ ಅದೇ ಔಷಧ ಎಂದು ನಂಬಿ ಮೂರು ತಿಂಗಳು ಕಳೆದರೆ, ಆ ಮೂರು ತಿಂಗಳು ಮಗು ಕೊರತೆಯಲ್ಲಿಯೇ ಇರುತ್ತದೆ.

ಈ ವಯಸ್ಸಿನ ಹುಡುಗಿಯರಿಗೇ ಇದು ಇಷ್ಟು ಸಾಮಾನ್ಯವೇಕೆ ಎಂಬುದನ್ನು ಅರಿಯಲು ದೇಹದ ಜಮಾಖರ್ಚನ್ನು ನೋಡಬೇಕು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅದು ಸತ್ತಾಗ ಅದರೊಳಗಿನ ಕಬ್ಬಿಣಾಂಶವನ್ನು ದೇಹ ಹೊರಗೆ ಎಸೆಯದೆ ಮತ್ತೆ ಹೊಸ ಕಣಕ್ಕೆ ಬಳಸುತ್ತದೆ. ಹೀಗೆ ದಿನಕ್ಕೆ 20 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣಾಂಶ ಒಳಗೊಳಗೇ ಸುತ್ತುತ್ತಿರುತ್ತದೆ, ಚರ್ಮ ಮತ್ತು ಕರುಳಿನ ಒಳಪದರ ಉದುರುವುದರಿಂದ ನಷ್ಟವಾಗುವುದು ಒಂದು ಮಿಲಿಗ್ರಾಂನ ಆಸುಪಾಸು ಮಾತ್ರ. ಇಷ್ಟು ಮಿತವ್ಯಯದ ವ್ಯವಸ್ಥೆಗೆ ಹದಿಹರೆಯದಲ್ಲಿ ಎರಡು ಹೊಸ ಖರ್ಚುಗಳು ಒಟ್ಟಿಗೆ ಸೇರುತ್ತವೆ. ಮೊದಲನೆಯದು ಬೆಳವಣಿಗೆ: ಎತ್ತರ ಹೆಚ್ಚಿದಂತೆ, ಸ್ನಾಯು ತುಂಬಿದಂತೆ, ರಕ್ತದ ಒಟ್ಟು ಪ್ರಮಾಣವೂ ಹೆಚ್ಚಬೇಕು. ಎರಡನೆಯದು ಮುಟ್ಟು. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ, ಒಂದು ಮಿಲಿಲೀಟರ್ ರಕ್ತದಲ್ಲಿ ಅರ್ಧ ಮಿಲಿಗ್ರಾಂಗಿಂತ ತುಸು ಕಡಿಮೆ ಕಬ್ಬಿಣಾಂಶ ಇರುತ್ತದೆ. ತಿಂಗಳ ಪೂರ್ತಿ ಹಂಚಿದರೆ ದಿನಕ್ಕೆ ಅರ್ಧ ಮಿಲಿಗ್ರಾಂ ಹೆಚ್ಚುವರಿ ನಷ್ಟ. ಕೇಳಲು ಅಲ್ಪವೆನಿಸುವ ಈ ಅರ್ಧ ಮಿಲಿಗ್ರಾಂ, ಇದ್ದ ನಷ್ಟದ ಅರ್ಧದಷ್ಟಾಗುತ್ತದೆ ಎಂಬುದನ್ನು ಗಮನಿಸಬೇಕು. ಅಮೆರಿಕದ ಆಹಾರ ಶಿಫಾರಸಿನಲ್ಲಿ 9ರಿಂದ 13 ವರ್ಷದವರಿಗೆ ದಿನಕ್ಕೆ 8 ಮಿಲಿಗ್ರಾಂ ಸಾಕೆಂದಿದ್ದರೆ, 14ರಿಂದ 18ರ ಹುಡುಗಿಯರಿಗೆ ಅದು 15ಕ್ಕೆ ಏರುತ್ತದೆ. ಅದೇ ವಯಸ್ಸಿನ ಹುಡುಗರಿಗೆ 11. ಹಸಿವು ಮಾತ್ರ ಈ ಲೆಕ್ಕದಂತೆ ದುಪ್ಪಟ್ಟಾಗುವುದಿಲ್ಲ. ಆದ್ದರಿಂದ ಅದೇ ಪ್ರಮಾಣದ ಊಟದಲ್ಲಿ ಹೆಚ್ಚು ಕಬ್ಬಿಣಾಂಶ ಇರಬೇಕಾಗುತ್ತದೆ.

ಯುರೋಪಿನ ವೈದ್ಯರು ಇದನ್ನು ಬಹಳ ಹಿಂದೆಯೇ ಕಂಡಿದ್ದರು. 1554ರಲ್ಲಿ ಯೋಹಾನೆಸ್ ಲ್ಯಾಂಗೆ ಎಂಬ ವೈದ್ಯ ಬಿಳಿಚಿಕೊಂಡು, ಏದುಸಿರು ಬಿಡುತ್ತ, ಊಟ ಸೇರದೆ ಇರುವ ಎಳೆಯ ಹುಡುಗಿಯರ ಕಾಯಿಲೆಯನ್ನು ವರ್ಣಿಸಿದ. ಮುಖ ಹಸಿರು ಛಾಯೆಗೆ ತಿರುಗುತ್ತದೆಂದು ಜನ ಮುಂದೆ ಅದನ್ನು ಹಸಿರು ಕಾಯಿಲೆ ಎಂದು ಕರೆದರು. ಅವನು ಸೂಚಿಸಿದ ಪರಿಹಾರ ಮದುವೆ. 1832ರಲ್ಲಿ ಫ್ರಾನ್ಸಿನ ಪಿಯರ್ ಬ್ಲಾಡ್ ಕಬ್ಬಿಣದ ಗುಳಿಗೆಗಳನ್ನು ಕೊಟ್ಟು ಇಂತಹ ರೋಗಿಗಳನ್ನು ಗುಣಪಡಿಸಿದ. ನಡುವಿನ ಸುಮಾರು ಮುನ್ನೂರು ವರ್ಷಗಳಲ್ಲಿ ಎಷ್ಟು ಹುಡುಗಿಯರನ್ನು ಮಂಕು ಎಂದೋ ಹಟಮಾರಿ ಎಂದೋ ಬದಿಗೆ ಸರಿಸಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಇನ್ನು ಆಹಾರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಹಾರದಲ್ಲಿನ ಕಬ್ಬಿಣಾಂಶ ಎರಡು ರೂಪಗಳಲ್ಲಿ ಇರುತ್ತದೆ. ಮಾಂಸ, ಮೀನು, ಕೋಳಿ, ಯಕೃತ್ತು ಇವುಗಳಲ್ಲಿ ಒಂದು ಪಾಲು ಹೀಮ್ ಎಂಬ ರೂಪದಲ್ಲಿರುತ್ತದೆ. ಅದರಲ್ಲಿ 15ರಿಂದ 35 ಪ್ರತಿಶತ ಭಾಗವನ್ನು ಕರುಳು ಹೀರಿಕೊಳ್ಳುತ್ತದೆ, ಮತ್ತು ಜೊತೆಗೆ ಏನನ್ನು ತಿಂದೆವು ಎಂಬುದು ಅದನ್ನು ಅಷ್ಟಾಗಿ ಬಾಧಿಸುವುದಿಲ್ಲ. ಕಾಳು, ಬೇಳೆ, ಧಾನ್ಯ, ಸೊಪ್ಪು, ಬೀಜಗಳಲ್ಲಿ ಇರುವುದು ಇನ್ನೊಂದು ರೂಪ. ಅದರ ಹೀರಿಕೆ ಎರಡು ಪ್ರತಿಶತಕ್ಕೂ ಇಳಿಯಬಹುದು, ಇಪ್ಪತ್ತಕ್ಕೂ ಏರಬಹುದು. ಈ ಹತ್ತು ಪಟ್ಟಿನ ಅಂತರವೇ ನನ್ನ ಕಣ್ಣು ತೆರೆಸಿದ ಸಂಗತಿ. ತಟ್ಟೆಯಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂಬ ಲೆಕ್ಕದಷ್ಟೇ, ಆ ಮಿಲಿಗ್ರಾಂ ಅದೇ ಹೊತ್ತಿನ ಊಟದಲ್ಲಿ ಯಾವುದರ ಜೊತೆ ಸೇರುತ್ತದೆ ಎಂಬುದೂ ಮುಖ್ಯ. ದಿನಕ್ಕೆ 15 ಮಿಲಿಗ್ರಾಂ ತಿಂದು ಹತ್ತು ಪ್ರತಿಶತ ಹೀರಿಕೊಂಡರೆ ಒಂದೂವರೆ ಮಿಲಿಗ್ರಾಂ ರಕ್ತಕ್ಕೆ ಸೇರುತ್ತದೆ. ಐದು ಪ್ರತಿಶತ ಮಾತ್ರ ಹೀರಿಕೊಂಡರೆ, ಅಷ್ಟನ್ನೇ ಗಳಿಸಲು 30 ಮಿಲಿಗ್ರಾಂ ತಿನ್ನಬೇಕು. ಅಷ್ಟು ತಿನ್ನುವುದು ಬಹುಪಾಲು ಮಕ್ಕಳಿಗೆ ಅಸಾಧ್ಯ. ಹೀರಿಕೆಯನ್ನು ಐದರಿಂದ ಹತ್ತಕ್ಕೆ ಏರಿಸುವುದು ಸಾಧ್ಯ.

ಅದಕ್ಕೆ ಅತ್ಯಂತ ಸುಲಭವಾದ ಸಾಧನ ವಿಟಮಿನ್ ಸಿ. ಸಸ್ಯಾಹಾರದ ಕಬ್ಬಿಣಾಂಶವನ್ನು ಅದು ಕರುಳು ಹೀರಿಕೊಳ್ಳಬಲ್ಲ ರೂಪಕ್ಕೆ ಬದಲಾಯಿಸುತ್ತದೆ, ಹೀರಿಕೆಯನ್ನು ತಡೆಯುವ ವಸ್ತುಗಳ ಹಿಡಿತಕ್ಕೆ ಸಿಗದಂತೆ ಕರಗಿದ ಸ್ಥಿತಿಯಲ್ಲಿ ಕಾಪಾಡುತ್ತದೆ. ಆದರೆ ಎರಡೂ ಒಂದೇ ಹೊತ್ತಿಗೆ ಕರುಳಿನಲ್ಲಿ ಇರಬೇಕು. ಬೆಳಗ್ಗೆ ಕಿತ್ತಳೆ ತಿಂದು ರಾತ್ರಿ ಕಾಳು ತಿಂದರೆ ಈ ಪ್ರಯೋಜನ ಸಿಗುವುದಿಲ್ಲ. ನಾನು ಮೊದಲು ಹಣ್ಣುಗಳನ್ನು ಊಟಗಳ ನಡುವಿನ ಹೊತ್ತಿಗೆ ಕೊಡುತ್ತಿದ್ದೆ. ಈಗ ಊಟದ ತಟ್ಟೆಯಲ್ಲಿಯೇ ಇಡುತ್ತೇನೆ. ಸೀಬೆಹಣ್ಣು ಈ ವಿಷಯದಲ್ಲಿ ಬಹಳ ಶ್ರೀಮಂತ, 100 ಗ್ರಾಂಗೆ 200 ಮಿಲಿಗ್ರಾಂಗೂ ಹೆಚ್ಚು ವಿಟಮಿನ್ ಸಿ. ಕಿತ್ತಳೆಯಲ್ಲಿ 50ರ ಆಸುಪಾಸು. ಕೆಂಪು ದಪ್ಪ ಮೆಣಸಿನಕಾಯಿಯಲ್ಲಿ ಕಿತ್ತಳೆಯ ಎರಡು ಪಟ್ಟಿಗೂ ಹೆಚ್ಚು. ಬಿಸಿ ತಾಗಿದರೆ ಈ ಜೀವಸತ್ವ ನಾಶವಾಗುತ್ತ ಹೋಗುವುದರಿಂದ ನಿಂಬೆರಸವನ್ನು ಒಲೆಯ ಮೇಲಿರುವಾಗ ಹಿಂಡದೆ, ಇಳಿಸಿ ತಟ್ಟೆಗೆ ಬಡಿಸಿದ ಮೇಲೆ ಹಿಂಡುವುದು ಒಳ್ಳೆಯದು. ಮಾಂಸ ತಿನ್ನುವ ಮನೆಗಳಲ್ಲಿ ಕಾಳಿನ ಜೊತೆ ಸ್ವಲ್ಪ ಮೀನೋ ಕೋಳಿಯೋ ಇದ್ದರೆ, ಅದು ತನ್ನ ಕಬ್ಬಿಣಾಂಶವನ್ನು ಕೊಡುವುದಲ್ಲದೆ ಕಾಳಿನ ಕಬ್ಬಿಣಾಂಶದ ಹೀರಿಕೆಯನ್ನೂ ಹೆಚ್ಚಿಸುತ್ತದೆ. ಮೊಟ್ಟೆ ಹೀಗೆ ಸಹಾಯ ಮಾಡುವುದಿಲ್ಲ. ಒಂದು ಮೊಟ್ಟೆಯಲ್ಲಿ ಒಂದು ಮಿಲಿಗ್ರಾಂಗಿಂತ ಸ್ವಲ್ಪ ಕಡಿಮೆ ಕಬ್ಬಿಣಾಂಶವಿದ್ದರೂ ಅದು ಸುಲಭವಾಗಿ ಹೀರಲ್ಪಡುವುದಿಲ್ಲ. ಪ್ರೋಟೀನಿಗಾಗಿ, ಬಿ12ಗಾಗಿ ಮೊಟ್ಟೆ ಕೊಡಬೇಕು, ಕಬ್ಬಿಣಾಂಶಕ್ಕೆ ಅದನ್ನೇ ನಂಬಬಾರದು.

ತಡೆಯುವವುಗಳಲ್ಲಿ ಮೊದಲ ಹೆಸರು ಚಹಾದ್ದು. ಚಹಾದಲ್ಲಿನ ಟ್ಯಾನಿನ್ ಮತ್ತು ಅದರ ಬಳಗದ ಪಾಲಿಫಿನಾಲ್‌ಗಳು ಕಬ್ಬಿಣಾಂಶಕ್ಕೆ ಅಂಟಿಕೊಂಡು ಅದನ್ನು ಕರುಳು ದಾಟದಂತೆ ಮಾಡುತ್ತವೆ. ಊಟದ ಜೊತೆಗೇ ಕುಡಿದ ಒಂದು ಲೋಟ ಗಟ್ಟಿ ಚಹಾ, ಸಸ್ಯಾಹಾರದ ಕಬ್ಬಿಣಾಂಶದ ಹೀರಿಕೆಯನ್ನು ಅರ್ಧಕ್ಕಿಂತಲೂ ಕೆಳಗೆ ಇಳಿಸಬಲ್ಲದು. ಕಾಫಿಯೂ ತಡೆಯುತ್ತದೆ, ಚಹಾದಷ್ಟಲ್ಲ. ನಮ್ಮ ಮನೆಯಲ್ಲಿ ಮಗಳು ಬೆಳಗಿನ ತಿಂಡಿಯ ಜೊತೆಗೇ ಚಹಾ ಕುಡಿಯುತ್ತಿದ್ದಳು, ಸಂಜೆ ಕಾಳಿನ ತಿನಿಸಿನ ಜೊತೆಗೂ ಕುಡಿಯುತ್ತಿದ್ದಳು. ದಿನದ ಎರಡು ಒಳ್ಳೆಯ ಅವಕಾಶಗಳು ಹಾಗೆ ಹೋಗುತ್ತಿದ್ದವು. ಚಹಾ ಬಿಡು ಎಂದು ನಾನು ಹೇಳಲಿಲ್ಲ, ಏಕೆಂದರೆ ಅವಳಿಗೆ ಅದು ಪ್ರಿಯ, ಮತ್ತು ಬೇಡಗಳ ಪಟ್ಟಿ ಉದ್ದವಾದಷ್ಟೂ ಅವಳು ನನ್ನ ಮಾತು ಕೇಳುವುದು ಕಡಿಮೆಯಾಗುತ್ತಿತ್ತು. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಅಂತರ ಇರಲಿ ಎಂದಷ್ಟೇ ಒಪ್ಪಂದವಾಯಿತು, ಮತ್ತು ಅದನ್ನು ಮನೆಯ ಎಲ್ಲರೂ ಪಾಲಿಸಿದೆವು. ನಾವು ತಿಂಡಿಯ ಜೊತೆ ಚಹಾ ಹೀರುತ್ತ ಅವಳಿಗೆ ಮಾತ್ರ ಬೇಡವೆನ್ನುವುದು ನ್ಯಾಯವಾಗಿರಲಿಲ್ಲ.

ಹಾಲಿನಲ್ಲಿರುವ ಕ್ಯಾಲ್ಸಿಯಂ ಕೂಡ ಒಂದೇ ಹೊತ್ತಿನ ಊಟದಲ್ಲಿ ಹೀರಿಕೆಯನ್ನು ಕಡಿಮೆ ಮಾಡುತ್ತದೆ. ಆದರೆ ದಿನಗಟ್ಟಲೆ ಆಹಾರವನ್ನು ಒಟ್ಟಾಗಿ ನೋಡಿದಾಗ ಅದರ ಪರಿಣಾಮ ಸಣ್ಣದು. ಬೆಳೆಯುವ ಮೂಳೆಗೆ ಕ್ಯಾಲ್ಸಿಯಂ ಬೇಕೇಬೇಕು, ಆದ್ದರಿಂದ ಹಾಲನ್ನು ಕಡಿತಗೊಳಿಸುವುದು ಮೂರ್ಖತನ. ಕಾಳು ಸೊಪ್ಪಿನ ಮುಖ್ಯ ಊಟದ ಜೊತೆಗೆ ದೊಡ್ಡ ಲೋಟ ಹಾಲು ಬೇಡ, ಮಲಗುವ ಮುನ್ನ ಕುಡಿಯಲಿ, ಅಷ್ಟು ಸಾಕು.

ಮೂರನೆಯ ತಡೆ ಕಾಳು ಧಾನ್ಯಗಳ ಒಳಗೇ ಕುಳಿತಿದೆ. ಫೈಟೇಟ್ ಎಂಬುದು ಬೀಜವು ತನ್ನ ಮೊಳಕೆಗಾಗಿ ರಂಜಕವನ್ನು ಕೂಡಿಟ್ಟುಕೊಳ್ಳುವ ರೂಪ. ಅದು ಕಬ್ಬಿಣಾಂಶವನ್ನೂ ಸತುವನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೀಜಕ್ಕೆ ನೀರು ಸಿಕ್ಕಿ ಮೊಳೆಯುವ ಸಮಯ ಬಂದಾಗ ಫೈಟೇಸ್ ಎಂಬ ಕಿಣ್ವ ಎಚ್ಚರಗೊಂಡು ಆ ಹಿಡಿತವನ್ನು ಸಡಿಲಿಸುತ್ತದೆ. ಹಾಗಾಗಿ ಕಾಳನ್ನು ರಾತ್ರಿ ನೆನೆಸಿ ಆ ನೀರನ್ನು ಚೆಲ್ಲುವುದು, ಮೊಳಕೆ ಬರಿಸುವುದು, ಹಿಟ್ಟನ್ನು ಹುದುಗಿಸುವುದು ಇವೆಲ್ಲವೂ ಕಬ್ಬಿಣಾಂಶವನ್ನು ಬಿಡುಗಡೆ ಮಾಡುವ ಕೆಲಸಗಳು. ಮೊಳಕೆಯಿಂದ ಕಬ್ಬಿಣಾಂಶ ಹೆಚ್ಚುತ್ತದೆ ಎಂದು ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ಇದ್ದ ಕಬ್ಬಿಣಾಂಶವೇ ದೇಹಕ್ಕೆ ಸುಲಭವಾಗಿ ಸಿಗುವಂತಾಗುತ್ತದೆ, ಜೊತೆಗೆ ಸ್ವಲ್ಪ ವಿಟಮಿನ್ ಸಿ ಹೊಸದಾಗಿ ಹುಟ್ಟುತ್ತದೆ. ನಾನು ಈಗ ವಾರಕ್ಕೆ ಎರಡು ಬಾರಿ ಕಾಳು ಮೊಳಕೆ ಕಟ್ಟುತ್ತೇನೆ. ಮೊಳಕೆಯನ್ನು ಹಸಿಯಾಗಿ ಕೊಡದೆ ಹಬೆಯಲ್ಲಿ ಬೇಯಿಸಿ ಕೊಡುವುದು ಹೊಟ್ಟೆಗೆ ಕ್ಷೇಮ.

ಸೊಪ್ಪಿನ ಬಗ್ಗೆ ಸ್ವಲ್ಪ ಎಚ್ಚರಿಕೆಯಿಂದ ಹೇಳಬೇಕು. ಬೇಯಿಸಿದ ಪಾಲಕ್ ಸೊಪ್ಪಿನಲ್ಲಿ 100 ಗ್ರಾಂಗೆ ಮೂರೂವರೆ ಮಿಲಿಗ್ರಾಂ ಕಬ್ಬಿಣಾಂಶ ಇರುವುದು ನಿಜ, ಆದರೆ ಅದರಲ್ಲಿರುವ ಪಾಲಿಫಿನಾಲ್ ಮುಂತಾದ ವಸ್ತುಗಳಿಂದ ಹೀರಿಕೆ ತೀರ ಕಡಿಮೆ. ಸೊಪ್ಪು ತಿನ್ನಿಸಿದೆವು ಎಂದ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದು ತಿಳಿಯಬಾರದು. ಫೋಲೇಟಿಗಾಗಿ, ಎ ಜೀವಸತ್ವದ ಮೂಲವಾದ ಕ್ಯಾರೋಟಿನ್‌ಗಾಗಿ ಸೊಪ್ಪು ದಿನವೂ ಬೇಕು. ಕಬ್ಬಿಣಾಂಶದ ಮುಖ್ಯ ಭಾರವನ್ನು ಕಾಳು, ಬೀಜ, ಧಾನ್ಯ, ತಿನ್ನುವವರಾದರೆ ಮಾಂಸ ಹೊರಬೇಕು. ಕಬ್ಬಿಣದ ಬಾಣಲೆಯಲ್ಲಿ ಅಡುಗೆ ಮಾಡುವುದರಿಂದಲೂ, ವಿಶೇಷವಾಗಿ ಟೊಮೆಟೊದಂತಹ ಹುಳಿಯಿರುವ ನೀರಿನಂಶದ ಅಡುಗೆಯಲ್ಲಿ, ಆಹಾರಕ್ಕೆ ಕಬ್ಬಿಣಾಂಶ ಸೇರುತ್ತದೆ. ಎಷ್ಟು ಸೇರುತ್ತದೆ ಎಂಬುದು ಪಾತ್ರೆ, ಹುಳಿ, ಸಮಯ ಎಲ್ಲದರ ಮೇಲೂ ನಿಂತಿರುವುದರಿಂದ ಅದನ್ನು ಹೆಚ್ಚುವರಿ ಲಾಭವೆಂದು ಇಟ್ಟುಕೊಳ್ಳಬೇಕು, ಲೆಕ್ಕಕ್ಕೆ ಹಿಡಿಯಬಾರದು.

ಇಷ್ಟೆಲ್ಲ ಮಾಡಿದರೆ ಮಾತ್ರೆ ಬೇಡವಲ್ಲವೇ ಎಂದು ನಾನು ಕೇಳಿದಾಗಲೇ ವೈದ್ಯರು ಆ ಕಾಗದದ ಲೆಕ್ಕವನ್ನು ಬರೆದದ್ದು. ಮಗಳ ತೂಕ ಆಗ 46 ಕಿಲೋ. ಅವಳ ದೇಹದಲ್ಲಿ ಸುಮಾರು ಮೂರು ಲೀಟರ್, ಅಂದರೆ ಮೂವತ್ತು ಡೆಸಿಲೀಟರ್ ರಕ್ತ. ಒಂದೊಂದು ಡೆಸಿಲೀಟರಿನಲ್ಲಿಯೂ ಮೂರು ಗ್ರಾಂ ಹಿಮೋಗ್ಲೋಬಿನ್ ಕಡಿಮೆ ಇದೆ, ಒಟ್ಟು ತೊಂಬತ್ತು ಗ್ರಾಂ. ಒಂದು ಗ್ರಾಂ ಹಿಮೋಗ್ಲೋಬಿನ್ ಕಟ್ಟಲು 3.4 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಅಂದರೆ ಕೊರತೆ ಸುಮಾರು 300 ಮಿಲಿಗ್ರಾಂ, ಅದೂ ದೇಹ ಕಬ್ಬಿಣಾಂಶವನ್ನು ಕೂಡಿಟ್ಟುಕೊಳ್ಳುವ, ಈಗ ಬರಿದಾಗಿರುವ ಉಗ್ರಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ. ಬಹಳ ಒಳ್ಳೆಯ ಆಹಾರದಿಂದ ದಿನದ ನಷ್ಟವನ್ನೆಲ್ಲ ತುಂಬಿ, ಅದರ ಮೇಲೆ ಒಂದು ಮಿಲಿಗ್ರಾಂ ಉಳಿಸಿದರೂ ಮುನ್ನೂರು ದಿನ ಬೇಕು. ಅಷ್ಟರಲ್ಲಿ ಅವಳು ಮತ್ತೂ ಬೆಳೆಯುತ್ತಾಳೆ, ಹತ್ತು ಬಾರಿ ಮುಟ್ಟಾಗುತ್ತಾಳೆ. ಅದೇ ಕೆಲಸವನ್ನು ಮಾತ್ರೆ ಎರಡು ಮೂರು ತಿಂಗಳಲ್ಲಿ ಮುಗಿಸುತ್ತದೆ. ಆಗಲೇ ಬಿದ್ದಿರುವ ಹಳ್ಳವನ್ನು ತುಂಬುವುದು ಮಾತ್ರೆಯ ಕೆಲಸ, ಮತ್ತೆ ಹಳ್ಳ ಬೀಳದಂತೆ ನೋಡಿಕೊಳ್ಳುವುದು ಊಟದ ಕೆಲಸ ಎಂದು ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ಅರ್ಥವಾಯಿತು. ಆಹಾರಕ್ಕೆ ಅದರ ಶಕ್ತಿ ಮೀರಿದ ಕೆಲಸ ಹೊರಿಸಿ, ಅದು ಸೋತಾಗ ಆಹಾರದಿಂದ ಏನೂ ಆಗುವುದಿಲ್ಲ ಎಂದುಕೊಳ್ಳುವುದು ಎರಡೂ ಕಡೆಯ ಅನ್ಯಾಯ.

ಹೊಟ್ಟೆ ತೊಳಸುವುದಕ್ಕೂ ಪರಿಹಾರವಿತ್ತು. ಬರಿಹೊಟ್ಟೆಯಲ್ಲಿ ಹೀರಿಕೆ ಹೆಚ್ಚು, ಆದರೆ ಸಂಕಟವೂ ಹೆಚ್ಚು. ಮಗಳು ಮಾತ್ರೆಯನ್ನು ಸ್ವಲ್ಪ ಹಣ್ಣಿನ ಜೊತೆ ತೆಗೆದುಕೊಂಡಾಗ ಸಹಿಸಿಕೊಂಡಳು. ಮೊದಲ ಬಾರಿ ನಾನು ಅದನ್ನು ಹಾಲಿನಲ್ಲಿ ನುಂಗಿಸಿದ್ದೆ ಎಂದಾಗ ವೈದ್ಯರು ಹಾಗೆ ಮಾಡಬಾರದೆಂದು ತಲೆಯಾಡಿಸಿದರು. ಅವಳಿಗೆ ಅವರು ದಿನ ಬಿಟ್ಟು ದಿನ ಮಾತ್ರೆ ಸೂಚಿಸಿದರು. ಕಾರಣವನ್ನು ಕೇಳಿದಾಗ ಹೆಪ್ಸಿಡಿನ್ ಎಂಬ ಹಾರ್ಮೋನಿನ ಬಗ್ಗೆ ಹೇಳಿದರು: ಕಬ್ಬಿಣಾಂಶದ ದೊಡ್ಡ ಪ್ರಮಾಣ ಒಮ್ಮೆ ಒಳಗೆ ಬಂದರೆ ಯಕೃತ್ತು ಈ ಹಾರ್ಮೋನನ್ನು ಸ್ರವಿಸಿ ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರ್ಧ ಮುಚ್ಚುತ್ತದೆ, ಆದ್ದರಿಂದ ಮರುದಿನವೇ ಕೊಟ್ಟ ಮಾತ್ರೆಯಲ್ಲಿ ಹೆಚ್ಚು ಪಾಲು ವ್ಯರ್ಥವಾಗಿ ಹೊಟ್ಟೆಯನ್ನು ಕೆಡಿಸುತ್ತದೆ. ಸೋಂಕು, ಜ್ವರ ಇದ್ದಾಗಲೂ ಇದೇ ಹಾರ್ಮೋನು ಏರುವುದರಿಂದ ಆಗಾಗ ಕಾಯಿಲೆ ಬೀಳುವ ಮಕ್ಕಳಲ್ಲಿ, ಅವರು ಚೆನ್ನಾಗಿ ತಿಂದರೂ, ರಕ್ತ ಏರದಿರಬಹುದು. ಮಲ ಕಪ್ಪಾದರೆ ಹೆದರಬೇಕಿಲ್ಲ, ಅದು ಮಾತ್ರೆಯಿಂದ ಆಗುವ ಬದಲಾವಣೆ ಎಂಬುದನ್ನು ಹುಡುಗಿಗೆ ಮೊದಲೇ ಹೇಳಿಡಬೇಕು. ಹೇಳದಿದ್ದರೆ ಅವಳು ಗಾಬರಿಯಾಗಿ ಯಾರಿಗೂ ತಿಳಿಸದೆ ಮಾತ್ರೆಯನ್ನು ನಿಲ್ಲಿಸಿಬಿಡಬಹುದು. ರಕ್ತಹೀನತೆ ವ್ಯಾಪಕವಾಗಿರುವ ಕಡೆ ಮುಟ್ಟಾಗುವ ಹುಡುಗಿಯರಿಗೆ ವಾರಕ್ಕೊಮ್ಮೆ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 2.8 ಮಿಲಿಗ್ರಾಂ ಫೋಲಿಕ್ ಆಮ್ಲವಿರುವ ಮಾತ್ರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಅದು ತಡೆಗಟ್ಟಲು ಕೊಡುವ ಮಾತ್ರೆ, ಕೊರತೆ ಬಂದವಳಿಗೆ ಕೊಡುವ ಚಿಕಿತ್ಸೆ ಬೇರೆ.

ಎಲ್ಲ ರಕ್ತಹೀನತೆಯೂ ಕಬ್ಬಿಣಾಂಶದ ಕೊರತೆಯಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಬಿ12 ಸಹಜವಾಗಿ ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ; ಹಾಲನ್ನೂ ಬಿಟ್ಟ ಸಸ್ಯಾಹಾರಿ ಹುಡುಗಿಗೆ ಅದನ್ನು ಮಾತ್ರೆಯಿಂದಲೋ ಬಲವರ್ಧಿತ ಆಹಾರದಿಂದಲೋ ಕೊಡದೆ ಬೇರೆ ದಾರಿಯಿಲ್ಲ. ಬಿ12 ಕೊರತೆ ಇರುವಾಗ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತದ ವರದಿ ಸುಧಾರಿಸಿದಂತೆ ಕಂಡು ನರಗಳ ಹಾನಿ ಒಳಗೇ ಮುಂದುವರಿಯಬಹುದು. ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದೋಷದ ವಾಹಕರಲ್ಲಿ ರಕ್ತಕಣಗಳು ಸಣ್ಣಗಿದ್ದು ಕಬ್ಬಿಣಾಂಶದ ಕೊರತೆಯಂತೆಯೇ ಕಾಣುತ್ತವೆ, ಆದರೆ ಅವರ ಉಗ್ರಾಣ ತುಂಬಿರಬಹುದು, ಅಂಥವರಿಗೆ ಕಬ್ಬಿಣಾಂಶ ಕೊಟ್ಟು ಪ್ರಯೋಜನವಿಲ್ಲ. ಕರುಳಿನಲ್ಲಿ ಕೊಕ್ಕೆಹುಳು ಇದ್ದರೆ ಅದು ರಕ್ತ ಹೀರುವುದರಿಂದ ಕಬ್ಬಿಣಾಂಶ ನಷ್ಟವಾಗುತ್ತಲೇ ಇರುತ್ತದೆ. ಜಂತುಹುಳುವಿನ ಔಷಧ ಕೊಡಿಸದೆ ಊಟವನ್ನು ಎಷ್ಟು ಸುಧಾರಿಸಿದರೂ ಸಾಲದು. ಈ ಕಾರಣದಿಂದ ಹಿಮೋಗ್ಲೋಬಿನ್ ಜೊತೆಗೆ ಉಗ್ರಾಣವನ್ನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸುವುದು ಒಳ್ಳೆಯದು. ಈ ವಯಸ್ಸಿನ ಹುಡುಗಿಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ ಹೋದರೆ ರಕ್ತಹೀನತೆ. ಆರೋಗ್ಯವಾಗಿರುವಾಗ ಫೆರಿಟಿನ್ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಾದರೆ ಕಬ್ಬಿಣಾಂಶದ ಕೊರತೆ. ಉಗ್ರಾಣ ಮೊದಲು ಬರಿದಾಗುತ್ತದೆ, ಹಿಮೋಗ್ಲೋಬಿನ್ ಕುಸಿಯುವುದು ಆಮೇಲೆ. 1996ರಲ್ಲಿ ಪ್ರಕಟವಾದ, ಅಮೆರಿಕದ ಬಾಲ್ಟಿಮೋರ್ ನಗರದ ಶಾಲಾ ಹುಡುಗಿಯರ ಅಧ್ಯಯನವೊಂದರಲ್ಲಿ, ಹಿಮೋಗ್ಲೋಬಿನ್ ಸರಿಯಿದ್ದು ಉಗ್ರಾಣ ಮಾತ್ರ ಬರಿದಾಗಿದ್ದವರಿಗೆ ಕಬ್ಬಿಣಾಂಶ ಕೊಟ್ಟಾಗ, ಪದಗಳನ್ನು ಕಲಿತು ನೆನಪಿಡುವ ಪರೀಕ್ಷೆಯಲ್ಲಿ ಅವರು ಉತ್ತಮವಾದರು. ಪುಸ್ತಕದ ಮುಂದೆ ತೂಕಡಿಸುತ್ತಿದ್ದ ಮಗಳು ನನಗೆ ಅದನ್ನು ಓದುವಾಗ ನೆನಪಾದಳು.

ಇನ್ನೊಂದು ಪ್ರಶ್ನೆಯನ್ನು ಕೇಳಲು ತಾಯಂದಿರೂ ಹಿಂಜರಿಯುತ್ತೇವೆ. ಮುಟ್ಟು ಏಳು ದಿನ ದಾಟುತ್ತದೆಯೇ, ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತದೆಯೇ, ದೊಡ್ಡ ಗಡ್ಡೆಗಳು ಹೋಗುತ್ತವೆಯೇ, ರಾತ್ರಿ ಎದ್ದು ಬದಲಿಸಬೇಕೇ? ಒಂದು ಮುಟ್ಟಿಗೆ 80 ಮಿಲಿಲೀಟರಿಗೂ ಹೆಚ್ಚು ರಕ್ತ ಹೋಗುತ್ತಿದ್ದರೆ ದಿನಕ್ಕೆ ಒಂದು ಮಿಲಿಗ್ರಾಂಗೂ ಹೆಚ್ಚಿನ ನಷ್ಟ; ಆ ಸೋರಿಕೆಯನ್ನು ಯಾವ ಕಾಳೂ ಯಾವ ಸೊಪ್ಪೂ ತುಂಬಲಾರದು. ಮೊದಲ ವರ್ಷಗಳಲ್ಲಿ ಮುಟ್ಟು ಏರುಪೇರಾಗುವುದು ಸಾಮಾನ್ಯ, ಆದರೆ ರಕ್ತ ಹೆಪ್ಪುಗಟ್ಟುವಿಕೆಯ ಹುಟ್ಟು ದೋಷವೊಂದು ಮೊದಲ ಬಾರಿಗೆ ಹೊರಬೀಳುವುದೂ ಇದೇ ಸಮಯದಲ್ಲಿ. ಹುಡುಗಿಗೆ ತನ್ನದು ಹೆಚ್ಚೋ ಕಡಿಮೆಯೋ ಹೋಲಿಸಿ ನೋಡಲು ಬೇರೇನೂ ಗೊತ್ತಿರುವುದಿಲ್ಲ. ನಾವೇ ಸಂಕೋಚ ಬಿಟ್ಟು ಕೇಳಬೇಕು.

ಊಟವನ್ನು ಬದಲಿಸುವುದರಲ್ಲಿ ನನಗೆ ಕಷ್ಟವಾದದ್ದು ಅಡುಗೆಯಲ್ಲ. ತಿಂಡಿ ಬಿಟ್ಟು ಶಾಲೆಗೆ ಓಡುವುದು, ದಪ್ಪಗಾಗುತ್ತೇನೆಂದು ರಾತ್ರಿ ಊಟವನ್ನು ಅರ್ಧ ಮಾಡುವುದು, ಗೆಳತಿಯರ ಜೊತೆ ಹೊಟ್ಟೆ ತುಂಬಿಸಿಕೊಂಡು ಬರುವುದು ಇವುಗಳ ಮುಂದೆ ನನ್ನ ಮೊಳಕೆ ಕಾಳಿಗೆ ಬೆಲೆ ಇರಲಿಲ್ಲ. ಕೊನೆಗೆ ಅವಳಿಗೇ ವರದಿಯನ್ನು ಕೊಟ್ಟು, ವೈದ್ಯರ ಕಾಗದವನ್ನೂ ಕೊಟ್ಟು, ಲೆಕ್ಕವನ್ನು ಅವಳೇ ಮಾಡಲಿ ಎಂದು ಬಿಟ್ಟೆ. ಅವಳು ಲೆಕ್ಕದಲ್ಲಿ ಚುರುಕು. ಒಂದು ಬಟ್ಟಲು ಬೇಯಿಸಿದ ಬೇಳೆ ಅಥವಾ ಕಾಳು, ಅಂದರೆ 200 ಗ್ರಾಂನಲ್ಲಿ ಆರು ಮಿಲಿಗ್ರಾಂ, ಒಂದು ಹಿಡಿ ಕುಂಬಳ ಬೀಜದಲ್ಲಿ ಎರಡೂವರೆ, ಒಂದು ಚಮಚ ಎಳ್ಳಿನಲ್ಲಿ ಒಂದಕ್ಕಿಂತ ಹೆಚ್ಚು, ತವುಡು ತೆಗೆಯದ ಧಾನ್ಯದಿಂದ ಮೂರು, ಸೊಪ್ಪಿನಿಂದ ಎರಡು. ಹೀಗೆ ಕೂಡಿ ಹದಿನೈದರ ಸಮೀಪಕ್ಕೆ ಬಂದಾಗ, ಇದು ಅಷ್ಟೇನೂ ಹೆಚ್ಚಲ್ಲವಲ್ಲ ಅಮ್ಮ ಎಂದಳು. ಬೀಜದ ಸಣ್ಣ ಡಬ್ಬಿ ಅಂದಿನಿಂದ ಅವಳ ಶಾಲೆಯ ಚೀಲದಲ್ಲಿದೆ. ಅದನ್ನು ತುಂಬಿಸಿಕೊಳ್ಳುವುದು ಅವಳ ಕೆಲಸ, ನಾನು ನೆನಪಿಸುವುದಿಲ್ಲ. ತಟ್ಟೆಗೆ ನಿಂಬೆ ಹಿಂಡುವುದನ್ನು ಮಾತ್ರ ಅವಳು ತನ್ನ ಅಪ್ಪನಿಗೂ ದಿನವೂ ನೆನಪಿಸುತ್ತಾಳೆ.

ಮಾತ್ರೆ ಶುರುವಾದ ನಾಲ್ಕನೆಯ ವಾರದಲ್ಲಿ ಹಿಮೋಗ್ಲೋಬಿನ್ 10.4ಕ್ಕೆ ಬಂತು, ಮೂರನೆಯ ತಿಂಗಳಿಗೆ 12.2. ಮಂಜುಗಡ್ಡೆಯ ಬಯಕೆ ಅದಕ್ಕೂ ಮೊದಲೇ, ಎರಡನೆಯ ವಾರದ ಹೊತ್ತಿಗೇ ತಾನಾಗಿ ನಿಂತುಹೋಗಿತ್ತು. ಅಂಕಿ 12 ದಾಟಿದ ಕೂಡಲೇ ನಿಲ್ಲಿಸಬಾರದು, ಉಗ್ರಾಣ ತುಂಬಲು ಇನ್ನೂ ಮೂರು ತಿಂಗಳು ಬೇಕು ಎಂದು ವೈದ್ಯರು ಮುಂದುವರಿಸಿದರು. ಮಾತ್ರೆಯನ್ನು ಪೂರ್ತಿ ನಿಲ್ಲಿಸಿ, ಬರೀ ಊಟದ ಮೇಲೆ ಆರು ತಿಂಗಳು ಕಳೆದ ನಂತರ ಕಳೆದ ತಿಂಗಳು ಮತ್ತೆ ಪರೀಕ್ಷೆ ಮಾಡಿಸಿದೆವು: ಹಿಮೋಗ್ಲೋಬಿನ್ 12.7, ಫೆರಿಟಿನ್ 34. ವರದಿಯನ್ನು ಮಗಳೇ ಹೋಗಿ ತಂದಳು, ಮೂರು ಮಹಡಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿಯೇ ನಿಂತು ಎರಡೂ ಅಂಕಿಗಳನ್ನು ಓದಿ ಹೇಳಿದಳು.